ದೃಷ್ಟಿ ತೆಗೆದ ವಾರ

ಶನಿವಾರ ಬಂದರೆ ನನಗೆ ಈಗಲೂ ಒಂದು ಕಡೆ ಕೂರಲು ಆಗುವುದಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಹೋದ ವರ್ಷ ಇಷ್ಟು ಹೊತ್ತಿಗೆ ತಮ್ಮನ ಕಾಲೇಜಿನ ಮೈದಾನದಲ್ಲಿ ಇರುತ್ತಿದ್ದೆ.

ತಮ್ಮ ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್. ಚೆಂಡು ಹಿಡಿದು ಓಡಿ ಬರುವ ಎದುರಾಳಿಯನ್ನು ಅಡ್ಡಹಾಕಿ ಕೆಡವುವುದು ಅವನ ಕೆಲಸ. ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ದೇವಸ್ಥಾನದಲ್ಲಿ ಅಡುಗೆ ಮಾಡುವ ನಮ್ಮಪ್ಪ ಒಂದೇ ಒಂದು ಆಟಕ್ಕೆ ಬಂದಿದ್ದರು. "ಫುಟ್‌ಬಾಲ್ ಅಂತೀರಿ, ಕಾಲಲ್ಲಿ ಒದೆಯೋದೇ ಕಾಣೆ. ಬರೀ ಗುದ್ದಾಟ. ಇದಕ್ಕೆ ಕಾಲೇಜು ಬೇರೆ ಬೇಕಾ?" ಅಂದು ಅರ್ಧಕ್ಕೇ ಎದ್ದು ಹೋದರು.

ನಾನು ಓದಿದ್ದು ಏಳನೇ ಕ್ಲಾಸು. ಅಮ್ಮ ತೀರಿಕೊಂಡಾಗ ತಮ್ಮ ಕೈಗೂಸು. ಅವನನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು ಮತ್ತೆ ಹೋಗಲಿಲ್ಲ. ಇಲ್ಲಿಗೆ ಬಂದ ಮೇಲೆ ಒಂದು ಗ್ರೋಸರಿ ಅಂಗಡಿಗೆ ದೋಸೆ ಹಿಟ್ಟು ರುಬ್ಬಿ ಕೊಡುವ ಕೆಲಸ. ದೇವಸ್ಥಾನದಲ್ಲಿ ಸಿಗುವ ಹೆಂಗಸರು ಆಫೀಸು, ಮೀಟಿಂಗು ಅಂತ ಮಾತಾಡುವವರು. "ನೀವೇನ್ ಮಾಡ್ಕೊಂಡಿದ್ದೀರ?" ಅಂದರೆ "ಮನೇಲೇ ಇದ್ದೀನಿ" ಅಂದು ಪ್ರಸಾದದ ಸಾಲಿಗೆ ಸರಿದುಬಿಡುತ್ತಿದ್ದೆ.

ಮೈದಾನದಲ್ಲಿ ಹಾಗಲ್ಲ. ಆಟ ಮುಗಿದ ಮೇಲೆ ಆಟಗಾರರ ಮನೆಯವರು ಪಾರ್ಕಿಂಗ್ ಜಾಗದಲ್ಲಿ ಟೆಂಟ್ ಹಾಕಿ ಊಟ ಹಂಚುತ್ತಿದ್ದರು. ಮೊದಲ ಮೂರು ಆಟ ಸೋತಿದ್ದ ತಂಡ, ನಾನು ಮಸಾಲೆ ವಡೆ ಒಯ್ದ ದಿನ ಗೆದ್ದಿತು. ಆಮೇಲೆ ಗೆಲ್ಲುತ್ತಲೇ ಹೋಯಿತು. ಬಾಗಿಲಿನಷ್ಟು ಅಗಲದ ಹುಡುಗರು ತಮ್ಮ ಕರೆಯುವುದನ್ನು ಕೇಳಿ, ಬಗ್ಗಿ "ಆಕಾ, ಆಕಾ" ಅಂತ ಕೈಯೊಡ್ಡುವರು. ಒಬ್ಬ ಹುಡುಗನ ತಾಯಿ ನನ್ನ ತಮ್ಮನ ನಂಬರಿನ ಜರ್ಸಿ ತಂದುಕೊಟ್ಟರು. ಚೂಡಿದಾರದ ಮೇಲೇ ಹಾಕಿಕೊಂಡೆ. ಅಲ್ಲಿ ಯಾರೂ ನಾನೇನು ಓದಿದ್ದೇನೆ ಅಂತ ಕೇಳಲಿಲ್ಲ.

ಎರಡು ಆಟ ಬಾಕಿ ಇರುವಾಗ ತಮ್ಮ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಎದ್ದು ಆಟ ಮುಂದುವರಿಸಿದ. ಜನ ಅವನ ಹೆಸರು ಹಿಡಿದು ಕೂಗಿದರು. ಮರುದಿನ ಬೆಳಿಗ್ಗೆ ಎರಡು ಸಲ ವಾಂತಿ ಮಾಡಿಕೊಂಡ. ಬಿಸಿಲು ಚುಚ್ಚುತ್ತೆ, ಪರದೆ ಎಳಿ ಅಂದ.

"ಅಕ್ಕ, ಯಾರಿಗೂ ಹೇಳ್ಬೇಡ. ಎರಡೇ ಗೇಮ್ ಇರೋದು. ತಲೆನೋವು ಅಂದ್ರೆ ಆಡಿಸ್ದೆ ಬೆಂಚಲ್ಲಿ ಕೂರಿಸಿಬಿಡ್ತಾರೆ. ಪ್ಲೀಸ್."

ದೃಷ್ಟಿಯಾಗಿದೆ ಅಂದುಕೊಂಡೆ. ಅಷ್ಟು ಜನರ ಕಣ್ಣು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕಾದ ಬಾಣಲೆಗೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಅರ್ಥ. ನಮ್ಮಜ್ಜಿ ಹಾಗೇ ನೋಡುತ್ತಿದ್ದರು. ಘಾಟು ಅಪಾರ್ಟ್‌ಮೆಂಟಿನ ತುಂಬ ಎದ್ದಿತು. ಸ್ಮೋಕ್ ಅಲಾರಮ್ ಕಿರುಚಿಕೊಂಡಿತು. ತಮ್ಮ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದ. "ಆಫ್ ಮಾಡು ಅಕ್ಕ, ಆಫ್ ಮಾಡು!"

ದೃಷ್ಟಿಯಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಆದರೂ ಬಾಣಲೆಗೆ ನೀರು ಸುರಿದು, "ಹೋಯ್ತು ಬಿಡು, ಇನ್ನು ಸರಿಹೋಗ್ತೀಯ" ಅಂದೆ.

ಸೋಮವಾರ ಆಟಗಾರರ ಗಾಯ ನೋಡಿಕೊಳ್ಳುವ ಟ್ರೈನರ್ ಫೋನ್ ಮಾಡಿದಳು. ಬಿದ್ದ ರೀತಿ ಅವಳಿಗೆ ಸರಿಕಂಡಿರಲಿಲ್ಲ, ತಮ್ಮನ ಮಾತಿನ ಮೇಲೆ ನಂಬಿಕೆಯೂ ಇರಲಿಲ್ಲ. ನನಗೆ ಅರ್ಥವಾಗಲೆಂದು ಒಂದೊಂದೇ ಪದ ಬಿಡಿಸಿ ಕೇಳಿದಳು: ಮನೆಯಲ್ಲಿ ವಾಂತಿ ಆಯಿತಾ? ಬೆಳಕು ನೋಡಿದರೆ ಕಷ್ಟವಾ? ಎಲ್ಲ ಅರ್ಥವಾಯಿತು.

"ನೋ, ನೋ. ಹಿ ಈಸ್ ಗುಡ್. ಈಟಿಂಗ್ ವೆಲ್," ಅಂದೆ.

ಶನಿವಾರ ಅವನು ಆಡಿದ. ನನ್ನ ಕಣ್ಣೆಲ್ಲ ಅವನ ಹೆಲ್ಮೆಟ್ಟಿನ ಮೇಲೆ. ಕೂರುತ್ತಿದ್ದೆ, ಏಳುತ್ತಿದ್ದೆ, ಮೆಟ್ಟಿಲು ಇಳಿದು ಬೇಲಿಯವರೆಗೆ ಹೋಗಿ ವಾಪಸು ಬರುತ್ತಿದ್ದೆ. ಅರ್ಧ ಆಟವಾದ ಮೇಲೆ ಒಬ್ಬನಿಗೆ ಡಿಕ್ಕಿ ಹೊಡೆದು ಎದ್ದವನು ಸೀದಾ ಹೋಗಿ ಎದುರಾಳಿಗಳ ಮಧ್ಯೆ ನಿಂತ. ಜನ ನಕ್ಕರು. ನಾನೂ ನಕ್ಕೆ. ಅವನು ಅಲ್ಲೇ ಮಂಡಿಯೂರಿ ಕುಸಿದ.

ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲಿನ ಪೆಟ್ಟು ಯಾವಾಗ ಬಿದ್ದದ್ದು ಅಂತ ಕೇಳಿದರು. ಆಗ ಹೇಳಿದೆ. ಟ್ರೈನರ್ ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು.

ಕೊನೆಯ ಆಟಕ್ಕೆ ನಾವು ಹೋಗಲಿಲ್ಲ. ಆ ಆಟ ಸೋತು ತಂಡದ ಸೀಸನ್ನು ಮುಗಿಯಿತು. ತಮ್ಮ ಇನ್ನು ಆಡುವ ಹಾಗಿಲ್ಲ. ಅವತ್ತಿನಿಂದ ಒಂದು ಪುಟ ಓದಿದರೆ ತಲೆ ಹಿಡಿದುಕೊಳ್ಳುತ್ತಾನೆ. ಈ ವರ್ಷ ಕಾಲೇಜಿನಲ್ಲಿ ಒಂದೇ ವಿಷಯ ತೆಗೆದುಕೊಂಡಿದ್ದಾನೆ.

ಅವನು ನನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದರೆ ಬದುಕುತ್ತಿದ್ದೆ. ಆದರೆ ಒಂದು ದಿನ ನಾನು ಹಿಟ್ಟಿನ ಡಬ್ಬಗಳಿಗೆ ಮುಚ್ಚಳ ಹಾಕುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತ. "ಸಾರಿ ಅಕ್ಕ. ನನಗೋಸ್ಕರ ನೀನು ಸುಳ್ಳು ಹೇಳ್ಬೇಕಾಯ್ತು. ಐ ಮೇಡ್ ಯು ಡೂ ಇಟ್."

"ಇರ್ಲಿ ಬಿಡೋ," ಅಂದೆ.

ಅವನಿಗೋಸ್ಕರ ಹೇಳಿದ ಸುಳ್ಳಲ್ಲ ಅದು. ಅವತ್ತು ಫೋನು ಕಿವಿಗಿಟ್ಟುಕೊಂಡಾಗ ನನ್ನ ಕಣ್ಣಿಗೆ ಬಂದದ್ದು ಅವನ ಮುಖವಲ್ಲ, ಆ ಟೆಂಟು. ಅವನು ಬೆಂಚಿನ ಮೇಲೆ ಕೂತರೆ ನನ್ನನ್ನು ಯಾರು ಮಾತಾಡಿಸುತ್ತಾರೆ ಅಂತ ಯೋಚಿಸಿದೆ. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವನು ಅವನು. ನಾನು ಅದನ್ನು ತೆಗೆದುಕೊಂಡೆ.

ಒಂದನೇ ಕ್ಲಾಸಿನಿಂದ ಇಲ್ಲೇ ಓದಿದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಇಷ್ಟೆಲ್ಲ ಬರೆದರೂ ಅವನಿಗೆ ಹೇಳಿದಂತಾಗುವುದಿಲ್ಲ, ಗೊತ್ತು. ಪಕ್ಕದ ಕೋಣೆಯಲ್ಲಿ ಪರದೆ ಎಳೆದುಕೊಂಡು ಮಲಗಿದ್ದಾನೆ. ಎರಡು ಸಲ ಬಾಗಿಲವರೆಗೆ ಹೋಗಿ, ಕಾಫಿ ಬೇಕಾ ಅಂತ ಕೇಳಿ ಬಂದೆ.