ವಾಪಸ್ ಬರುವ ಖರ್ಚು

ಮಗಳಿಗೆ ಸೇನಾ ಅಕಾಡೆಮಿಯಲ್ಲಿ ಸೀಟು ಸಿಕ್ಕಿತೆಂದು ಗೊತ್ತಾದ ದಿನ ಊರಿನಲ್ಲಿ ಎದುರಾದವರೆಲ್ಲ ಹೇಳಿದ್ದು ಒಂದೇ ಮಾತು. "ಇನ್ನೇನಪ್ಪ ನಿಂಗೆ, ಊಟ, ಬಟ್ಟೆ, ಓದು ಎಲ್ಲಾ ಸರ್ಕಾರದ್ದೇ. ಒಂದ್ ಪೈಸಾ ಖರ್ಚಿಲ್ಲ." ನಾನು ನಗುತ್ತ ತಲೆಯಾಡಿಸಿದೆ. ಖರ್ಚಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅದರ ಕಾಗದ ಹುಡುಕುತ್ತೇನೆ. ನಮ್ಮೂರು ಕ್ಯಾಸಂಬಳ್ಳಿಯ ಹತ್ತಿರ. ದಿನಾ ಬೆಳಗ್ಗೆ ಗಾಡಿಯಲ್ಲಿ ಬಂಗಾರಪೇಟೆಗೆ ಹೋಗಿ, ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು, ಬೆಂಗಳೂರಿನ ಅಂಚಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ರೈಲು. ಒಮ್ಮೆಯೂ ತಪ್ಪಿಸಿಕೊಂಡಿಲ್ಲ, ಏಕೆಂದರೆ ಮುಕ್ಕಾಲು ಗಂಟೆ ಮುಂಚೆ ಹೋಗಿ ನಿಲ್ಲುತ್ತೇನೆ. ಸ್ಟೋರಿನಲ್ಲಿ ನಾನು ಕಲಿತದ್ದು ಇಷ್ಟು: ಬಿಟ್ಟಿ ಬಂದ ಮಾಲಿನ ಜೊತೆಗೂ ಒಂದು ಕಾಗದ ಇರುತ್ತದೆ, ಅದರ ಕೆಳಗೆ ಸಹಿಗೆ ಜಾಗ ಬಿಟ್ಟಿರುತ್ತಾರೆ.

ಕಾಗದ ಬಂತು. ಹದಿನಾಲ್ಕು ಪುಟ. ಬಂಗಾರಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿದೆ, ಒಂದು ನೆನೆದುಹೋದರೆ ಇನ್ನೊಂದಿರಲಿ ಎಂದು. ಅದು ಬೇಸಿಗೆ. ಬಿಳಿ ಅಂಗಿ, ಕಪ್ಪು ಬೂಟು, ಓಟದ ಶೂ, ಚಾದರ, ತಗಡಿನ ಟ್ರಂಕು, ಬೀಗ ಎಂದೆಲ್ಲ ಪಟ್ಟಿ ಇತ್ತು. ಒಂದು ಬೀಗ ಎಂದು ಬರೆದಿದ್ದರೆ ನಾನು ಮೂರು ತಂದೆ. ಸೇರುವ ದಿನ ಕಟ್ಟಬೇಕಾದ ಠೇವಣಿ ಬೇರೆ, ಕೈಖರ್ಚಿಗೆ ಮುಂಗಡ ಬೇರೆ. ಅದಕ್ಕೂ ಮೊದಲು ವೈದ್ಯಕೀಯ ಪರೀಕ್ಷೆಗೆಂದು ಮೂರು ಸಲ ಓಡಾಡಿ, ಅವಳ ಒಂದು ಹಲ್ಲು ತುಂಬಿಸಿದ್ದಾಗಿತ್ತು. ನನ್ನ ಹೆಂಡತಿ ಮೂರು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾಳೆ. ಆ ದುಡ್ಡಿನಲ್ಲಿ ಕಟ್ಟುತ್ತಿದ್ದ ಚೀಟಿಯನ್ನು ಕೊನೆಯ ತಿಂಗಳವರೆಗೆ ಕಾಯದೆ ನಷ್ಟಕ್ಕೆ ಕೂಗಿ ಎತ್ತಿದಳು. ನಾನು ಭವಿಷ್ಯನಿಧಿಯಿಂದ ಸ್ವಲ್ಪ ತೆಗೆದೆ. ಠೇವಣಿ, ಟ್ರಂಕು, ಟಿಕೆಟ್ಟು ಎಲ್ಲಕ್ಕೂ ಸರಿಹೋಯಿತು. ಅವಳನ್ನು ಒಳಗೆ ಕಳಿಸುವುದು ನಮ್ಮ ಕೈಲಾಗುವ ಮಾತಾಗಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹನ್ನೊಂದನೆಯ ಪುಟ. ಅದು ಕರಾರುಪತ್ರ. ಅಭ್ಯರ್ಥಿ ತಾನಾಗಿ ತರಬೇತಿ ಬಿಟ್ಟು ಹೊರಟರೆ, ಅಲ್ಲಿಯವರೆಗೆ ಸರ್ಕಾರ ಅವಳ ಮೇಲೆ ಮಾಡಿದ ವೆಚ್ಚವನ್ನು ತಂದೆ ಮತ್ತು ಜಾಮೀನುದಾರ ತುಂಬಿಕೊಡಬೇಕು. ಎಷ್ಟು ಎಂದು ಬರೆದಿರಲಿಲ್ಲ. ಒಂದು ಸಂಖ್ಯೆ ಇದ್ದಿದ್ದರೆ ಅದಕ್ಕೆ ಹೆದರಿ, ಎಲ್ಲೋ ಒಂದು ಕಡೆ ಹೆದರಿಕೆಯ ತುದಿ ಕಾಣುತ್ತಿದ್ದೆ. ಸಂಖ್ಯೆ ಇಲ್ಲದ ಜಾಗದಲ್ಲಿ ನನ್ನಂಥವನು ಏನು ಬೇಕಾದರೂ ತುಂಬಿಕೊಳ್ಳುತ್ತಾನೆ. ತುಂಬಿಕೊಂಡೆ.

ಇದಕ್ಕೆ ಕಾರಣವೂ ಇತ್ತು. ಮಗಳನ್ನು ಆರನೆಯ ತರಗತಿಗೆ ದೂರದ ಒಂದು ಹಾಸ್ಟೆಲ್ ಶಾಲೆಗೆ ಸೇರಿಸಿದ್ದೆವು. ಪ್ರತಿ ಭಾನುವಾರ ಫೋನಿನಲ್ಲಿ ಚೆನ್ನಾಗಿದ್ದೇನೆ ಅನ್ನುತ್ತಿದ್ದಳು. ವರ್ಷದ ಕೊನೆಗೆ ಕರೆತರಲು ಹೋದಾಗ ಅವಳ ಮುಂಗೈ ನನ್ನ ಎರಡು ಬೆರಳಿನಷ್ಟಾಗಿತ್ತು. ಅಲ್ಲಿ ಅವಳಿಗೆ ಒಂದು ದಿನವೂ ಒಗ್ಗಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಬಸ್ಸಿನ ಕಿಟಕಿಯ ಕಡೆ ತಿರುಗಿ, "ಫೀಸು ಕಟ್ಬುಟ್ಟಿದ್ರಲ್ಲ" ಅಂದಳು. ಎರಡೇ ಪದ. ನಾನು ಆ ಪದಗಳ ಜೊತೆ ಏಳು ವರ್ಷ ಬದುಕಿದ್ದೇನೆ. ಫೀಸಿಗೇ ಹಾಗೆ ಬಾಯಿ ಮುಚ್ಚಿಕೊಂಡಿದ್ದವಳು ಹನ್ನೊಂದನೆಯ ಪುಟ ಓದಿದ ಮೇಲೆ ಅಲ್ಲಿ ಏನೇ ಆದರೂ ಮನೆಗೆ ಬರುತ್ತೇನೆ ಎನ್ನುವಳೇ? ನನಗೆ ಬೇಕಾಗಿದ್ದದ್ದು ಒಂದೇ: ಆಗದಿದ್ದರೆ ಅವಳು ಹೇಳಬೇಕು, ಹೇಳಿದರೆ ಬರಲು ಆಗಬೇಕು. ಆದ್ದರಿಂದ ಯಾರಿಗೂ ಹೇಳದೆ ಬಂಗಾರಪೇಟೆಯ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದು, ಅವಳು ಸೇರುವ ಮುಂಚೆಯೇ ಅವಳು ವಾಪಸ್ ಬರುವ ಖರ್ಚಿಗೆ ಹಣ ಇಡತೊಡಗಿದೆ.

ಆ ಖಾತೆಯಲ್ಲಿ ದುಡ್ಡು ಬೆಳೆಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹಿಂದಿನ ಬೀದಿಯಲ್ಲಿರುವ ನನ್ನ ಅಣ್ಣ ಬಂದು ಕುಳಿತ.

"ಲೇ, ಇಪ್ಪತ್ತೈದೊರ್ಸದಿಂದ ಊರೋರ್ ಕಾರ್ಯಕ್ಕೆಲ್ಲಾ ಮುಯ್ಯಿ ಓದ್ಸಿದೀಯ. ನಿನ್ ಮನೇಲಿ ಒಂದೂ ಕಾರ್ಯ ಆಗ್ಲಿಲ್ಲ. ಎಲ್ಲಾ ಅಲ್ಲಲ್ಲೇ ಕುಂತೈತೆ ಕಣ್ಲಾ. ಊಟ ಆಕ್ಸು."

ಮುಯ್ಯಿ ಎಂದರೆ ಮದುವೆಯಲ್ಲೋ ಗೃಹಪ್ರವೇಶದಲ್ಲೋ ಉಡುಗೊರೆಯಾಗಿ ಕೊಡುವ ಹಣ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಬರೆದುಕೊಂಡು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅವರ ಮನೆಯಲ್ಲಿ ಕಾರ್ಯವಾದಾಗ ನಾವು ಮೇಲೊಂದಿಷ್ಟು ಸೇರಿಸಿ ತಿರುಗಿ ಓದಿಸಬೇಕು.

"ಇದು ಮದ್ವೆ ಅಲ್ವಲ್ಲ ಅಣ್ಣ" ಅಂದೆ.

"ಎಣ್ಮಗು ಮನೆ ಬಿಟ್ಟು ಓಗ್ತೈತೋ ಇಲ್ವೋ? ಮತ್ತೆ."

ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಆ ದುಡ್ಡಿನ ಮೇಲೇ ಇತ್ತು. ಒಂದು ಭಾನುವಾರ ಮಧ್ಯಾಹ್ನ ಮನೆ ಮುಂದೆ ಶಾಮಿಯಾನ ಹಾಕಿಸಿ ಮುದ್ದೆ, ಸಾರು, ಪಾಯಸ ಮಾಡಿಸಿದೆವು. ಅಣ್ಣ ಮೈಕು ಹಿಡಿದು ಕುಳಿತು ಹೆಸರು ಹೆಸರು ಓದಿದ. ಕೈಯಲ್ಲಿ ನೋಟಿಲ್ಲದವರು ಮೇಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಚೀಟಿಗೆ ಫೋನು ತೋರಿಸಿ ಹಾಕಿದರು. ಕೊಟ್ಟವರೆಲ್ಲ ಮಗಳ ತಲೆ ಮುಟ್ಟಿ ಒಂದೊಂದು ಮಾತು ಹೇಳಿದರು. "ತಿರುಗಿ ನೋಡ್ಬ್ಯಾಡಮ್ಮ." "ಊರ್ ಮರ್ಯಾದೆ ನಿನ್ ಕೈಲೈತೆ." "ಆಪೀಸರ್ ಆಗೇ ಬರ್ಬೇಕು, ಸುಮ್ಕೆ ಬಂದ್ರೆ ಬಸ್ಸಿಂದ ಇಳ್ಸಲ್ಲ." ಎಲ್ಲರೂ ನಕ್ಕರು. ಮಗಳೂ ನಕ್ಕಳು. ಅದು ಹಾಸ್ಟೆಲಿನ ಫೋನಿನಲ್ಲಿ ಕೇಳುತ್ತಿದ್ದ ನಗು. ನಾನು ಗುರುತು ಹಿಡಿದೆ. ಆದರೂ ಅಣ್ಣ ಓದುತ್ತಿದ್ದ ಮೊತ್ತಗಳನ್ನು ಮನಸ್ಸಿನಲ್ಲೇ ಕೂಡುವುದನ್ನು ನಿಲ್ಲಿಸಲಿಲ್ಲ.

ಜನ ಹೋದ ಮೇಲೆ ಕುರ್ಚಿ ಜೋಡಿಸುತ್ತ ಅವಳು ಕೇಳಿದಳು. "ಅಪ್ಪ, ನಾನ್ ಅಲ್ಲಿಂದ ಬಂದ್ಬುಟ್ರೆ ಇವರಿಗೆಲ್ಲಾ ಏನ್ ಹೇಳ್ತೀಯ?"

"ಬಂದ್ರೆ ಬಾ. ಅದಕ್ಕೇ ದುಡ್ಡು ಇಕ್ಕಿದೀನಿ" ಎಂದು ಒಳಗಿನಿಂದ ಪಾಸ್‌ಬುಕ್ಕು ತಂದು ತೋರಿಸಿದೆ.

ಅವಳ ತಾಯಿ ಪಾತ್ರೆ ಎತ್ತಿಕೊಂಡು ಬರುತ್ತಿದ್ದವಳು ಕೇಳಿಸಿಕೊಂಡಳು. ಪಾತ್ರೆ ಕೆಳಗಿಟ್ಟಳು. "ಮಗು ಇನ್ನೂ ಒಸ್ಲು ದಾಟಿಲ್ಲ. ಆಗ್ಲೇ ಬರಾಕೆ ದುಡ್ಡು ಇಕ್ಕಿದೀರಾ? ಬೇರೆ ಅಪ್ಪಂದ್ರು ಎಂಗಿರ್ತಾರೋ ಒಂದ್ಸಲ ನೋಡ್ಕಂಡ್ ಬನ್ನಿ."

ಮಗಳು ಪಾಸ್‌ಬುಕ್ಕಿನ ಕೊನೆಯ ಸಾಲು ನೋಡಿದಳು. "ಇದು ಸಾಲ್ದಲ್ವಾ ಅಪ್ಪ?"

"ಸಾಲ್ದು."

"ಪರ್ವಾಗಿಲ್ಲ. ಸರ್ಕಾರದ್ದು ಒಂದು ಕಾಗ್ದ, ಅದನ್ನ ಓದ್ಬೋದು. ಕಟ್ಬೋದು, ಲೇಟಾಗಿ ಆದ್ರೂ. ಇವತ್ತು ಮೈಕಲ್ಲಿ ಓದಿದ್ನ ಎಂಗ್ ಕಟ್ಟೋದು? ಈ ಮುಯ್ಯೀನ ವಾಪಸ್ ಕೊಟ್ಬುಡು. ಇಲ್ಲಾಂದ್ರೆ ನಾನು ಅಲ್ಲಿ ಸತ್ರೂ ಬರಲ್ಲ."

ಅವಳು ದನಿ ಎತ್ತಿ ಹೇಳಲಿಲ್ಲ. ಕುರ್ಚಿಯ ಮೇಲೆ ಕುರ್ಚಿ ಇಡುತ್ತ ಹೇಳಿದಳು. ಅವಳ ತಾಯಿ ಬಾಗಿಲಲ್ಲೇ ನಿಂತಿದ್ದವಳು ಸೆರಗಿನಿಂದ ಕೈ ಒರೆಸಿಕೊಂಡು, "ಕೊಟ್ಬುಡಿ" ಅಂದಳು.

ಮುಯ್ಯಿಯನ್ನು ತಿರುಗಿ ಕೊಡುವುದು ಅವರ ಮನೆಯ ಕಾರ್ಯದಲ್ಲಿ. ಸುಮ್ಮನೆ ಬಾಗಿಲಿಗೆ ಹೋಗಿ ಕೊಟ್ಟರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ನಿಮ್ಮ ಮನೆಯ ಸಹವಾಸ ಸಾಕು ಎಂದು. ಹಾಗಲ್ಲ ಎಂದು ತಿಳಿಸಬೇಕಾದರೆ ನಿಜವಾದ ಕಾರಣ ಹೇಳಬೇಕಿತ್ತು. ಒಂದು ವಾರ ರಜೆ ಹಾಕಿದೆ. ಗಾಡಿಯ ಮೇಲೆ ಹೋಗುತ್ತ ವಾಕ್ಯ ಅಭ್ಯಾಸ ಮಾಡಿದೆ: ಮಗಳು ವಾಪಸ್ ಬಂದರೂ ಬರಬಹುದು, ಬಂದರೆ ಅವಳ ಮೇಲೆ ಯಾವ ಭಾರವೂ ಇರಬಾರದು. ಮೊದಲ ಬಾಗಿಲಿನಲ್ಲೇ ವಾಕ್ಯ ಅರ್ಧಕ್ಕೆ ನಿಂತಿತು.

"ಅಂಗಾದ್ರೆ ಯಾಕ್ ಕರುದ್ರಿ?" ಆ ಮನೆಯ ಯಜಮಾನ ನೋಟು ಎಣಿಸಿಕೊಂಡ. "ನಮ್ ಮನೇಲಿ ಮುದ್ದೆ ಇರ್ಲಿಲ್ವಾ?"

ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು ಬಂದೆ. ಫೋನಿನಲ್ಲಿ ಕೊಟ್ಟವರಿಗೆ ಫೋನಿನಲ್ಲೇ ಕಳಿಸಿದರೆ ಕಷ್ಟ ಕಡಿಮೆ ಎಂದುಕೊಂಡು ಡೇರಿಯ ಕಟ್ಟೆಯ ಮೇಲೆ ಕುಳಿತು ಕಳಿಸಿದೆ. ಮನೆ ತಲುಪುವಷ್ಟರಲ್ಲಿ ಅಷ್ಟೂ ಹಣ ಒಂದೊಂದಾಗಿ ಹಿಂದಕ್ಕೆ ಬಂದಿತ್ತು, ಒಬ್ಬೊಬ್ಬರದೂ ಒಂದೊಂದು ರೂಪಾಯಿ ಜಾಸ್ತಿಯಾಗಿ. ಕೆಲವರು ಬಾಗಿಲಲ್ಲಿ ಕಾಫಿ ಕೊಟ್ಟರು, ಹಣ ಮುಟ್ಟಲಿಲ್ಲ. ಕೆಲವರು ಹಣ ಮುಟ್ಟಿದರು, ಕಾಫಿ ಕೊಡಲಿಲ್ಲ.

ಊರ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಾಳೆ. ಗಂಡ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ದುಡಿದವನು, ಈಗಿಲ್ಲ. ಆಕೆ ಓದಿಸಿದ್ದು ಐವತ್ತು ರೂಪಾಯಿ. ನಾನು ನನ್ನ ವಾಕ್ಯ ಒಪ್ಪಿಸಿದೆ. ಆ ಹೊತ್ತಿಗೆ ಅದು ಪೂರ್ತಿ ಬರುತ್ತಿತ್ತು. ಆಕೆ ಹುರುಳಿ ಆರಿಸುತ್ತಲೇ ಕೇಳಿಸಿಕೊಂಡಳು.

"ಬಂದ್ರೆ ಬತ್ತಾಳೆ, ಪೋನೀಲೇರಾ, ಓಗ್ಲಿ ಬಿಡು. ನಮ್ಮಾಯಪ್ಪ ಮೊದ್ಲನೇ ದಿವ್ಸ ಗಣೀಗ್ ಇಳುದ್ನಲ್ಲ, ಕತ್ಲೆ ನೋಡಿ ಎದ್ರಿ, ಕೆಳಕ್ ಇಳ್ಸಿದ್ ಅದೇ ಬೋನ್ನಾಗೆ ಮ್ಯಾಲಕ್ಕೆ ಬಂದ್ಬುಟ್ಟ. ಮೂರ್ ದಿನ ಮನೇಲಿ ಕುಂತ. ನಮ್ಮತ್ತೆ ಅನ್ನ ಇಕ್ಕುದ್ಲು, ಒಂದ್ ಮಾತ್ ಕೇಳ್ಲಿಲ್ಲ. ನಾಕ್ನೇ ದಿನ ಅವ್ನೇ ಓದ. ಮೂವತ್ತೊರ್ಸ ಇಳುದ. ಅವತ್ತು ಯಾರಾದ್ರೂ ಆಡ್ಕಂಡಿದ್ರೆ ತಿರ್ಗಾ ಓಗ್ತಿದ್ನಾ?"

ನಾನು ಚಾಚಿದ ನೋಟನ್ನು ಮಡಿಸಿ ನನ್ನ ಅಂಗಿಯ ಜೇಬಿಗೇ ತುರುಕಿದಳು. ಆ ಐವತ್ತನ್ನು ಮಾತ್ರ ನಾನು ಮರು ಮಾತಿಲ್ಲದೆ ಇಟ್ಟುಕೊಂಡೆ.

ಇಷ್ಟಾಗುವಾಗ ಅಣ್ಣ ನಮ್ಮ ಮನೆ ಕಡೆ ಬರುವುದನ್ನೇ ಬಿಟ್ಟಿದ್ದ. ಕರಾರುಪತ್ರಕ್ಕೆ ಜಮೀನು ಇರುವ ಜಾಮೀನುದಾರ ಬೇಕು. ಜಮೀನೆಂದರೆ ನಮ್ಮಿಬ್ಬರ ಜಂಟಿ ಪಹಣಿಯ ಎರಡೂಕಾಲು ಎಕರೆ. ಸೇರುವ ದಿನಕ್ಕೆ ಒಂಬತ್ತು ದಿನ ಉಳಿದಿತ್ತು. ಅವನ ಕೊಟ್ಟಿಗೆಗೆ ಹೋದೆ. ಹಸುವಿನ ಮೈ ತೊಳೆಯುತ್ತಿದ್ದ.

"ಮೈಕಲ್ಲಿ ಓದ್ದೋನು ನಾನು. ಬೀದಿಬೀದೀಲಿ ನನ್ ಮಾನ ಅರಾಜ್ ಆಕ್ಬುಟ್ಟೆ. ಈಗ್ ಸೈನ್ ಬೇರೆ ಬೇಕಾ?"

ಅವನಿಗೆ ಹಾಸ್ಟೆಲಿನ ಸಂಗತಿ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನಾಚಿಕೆಯಿಂದ ನಾವು ಗಂಡಹೆಂಡಿರು, ಅಲ್ಲಿಯ ನೀರು ಹಿಡಿಸಲಿಲ್ಲ ಎಂದು ಹೇಳಿಕೊಂಡು ಬಂದಿದ್ದೆವು. ಅವತ್ತು ಹೇಳಿದೆ. ಬಸ್ಸಿನಲ್ಲಿ ಅವಳು ಅಂದ ಮಾತನ್ನೂ ಹೇಳಿದೆ. ಅವನು ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತ. ನೀರು ಅದರ ಪಕ್ಕೆಯಿಂದ ಇಳಿಯುತ್ತಿತ್ತು.

"ಒಂದ್ ವರ್ಷ ಬಾಯ್ ಬಿಡ್ಲಿಲ್ವಾ ಕೂಸು?"

"ಇಲ್ಲ ಅಣ್ಣ."

ಮರುದಿನ ಬಂಗಾರಪೇಟೆಯಲ್ಲಿ ನೋಟರಿಯ ಮೇಜಿನ ಮುಂದೆ ನಾನು ಎಂದಿನಂತೆ ಒಂದು ಗಂಟೆ ಮುಂಚೆ ಹೋಗಿ ಕುಳಿತಿದ್ದಾಗ, ಪಹಣಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ. ಕನ್ನಡಕ ಹಾಕಿಕೊಂಡು, ಬೆರಳು ಓಡಿಸುತ್ತ, ಕರಾರಿನ ಆ ಪುಟವನ್ನು ನಾನು ಓದಿದ್ದಕ್ಕಿಂತ ನಿಧಾನವಾಗಿ ಓದಿದ.

"ಎಷ್ಟು ಅಂತ ಬರ್ದಿಲ್ವಲ್ಲೋ."

"ಇಲ್ಲ."

"ಎಷ್ಟೋ ಆಗ್ಲಿ ಬಿಡು." ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ತಿರುಗಿದ. "ನಿಂದೇನ್ ನಂಬ್ಕೆ. ನಾಳೆ ಈ ಸೈನೂ ತಂದು ಬಾಗ್ಲಾಗೆ ವಾಪಸ್ ಕೊಟ್ಬುಟ್ಟೀಯ."

ಮಗಳು ಹೋಗಿ ಐದು ವಾರಕ್ಕೆ ಮೊದಲ ಫೋನು ಬಂತು. ಹತ್ತು ನಿಮಿಷ ಮಾತ್ರ ಎಂದು ಮೊದಲೇ ಹೇಳಿದಳು. ಚೆನ್ನಾಗಿದ್ದೀಯಾ ಎಂದು ನಾನು ಕೇಳಲಿಲ್ಲ. ಕೇಳಬಾರದೆಂದು ಐದು ವಾರ ಅಭ್ಯಾಸ ಮಾಡಿದ್ದೆ. ಕೇಳುವ ಅಗತ್ಯವೂ ಬೀಳಲಿಲ್ಲ. ಹಿಮ್ಮಡಿಯ ಚರ್ಮ ಕಿತ್ತು ಬಂದಿದೆ, ಅಡಿಗೆಯಲ್ಲಿ ಖಾರವೇ ಇರುವುದಿಲ್ಲ, ಸಾಲಿನಲ್ಲಿ ಹಿಂದೆ ಬಿದ್ದದ್ದಕ್ಕೆ ಮೂರು ಸುತ್ತು ಜಾಸ್ತಿ ಓಡಿಸಿದರು, ಪಕ್ಕದ ಮಂಚದವಳು ಬಿಟ್ಟು ಹೊರಟುಹೋದಳು. ಒಂದೇ ಉಸಿರಿಗೆ ಹೇಳಿ ಅತ್ತಳು. ಅವಳ ತಾಯಿ ಫೋನಿನ ಹತ್ತಿರ ಕೂತು ಅತ್ತಳು. ಒಬ್ಬ ತಂದೆ ಮಗಳ ಅಷ್ಟು ದೂರುಗಳನ್ನು ಕೇಳಿ ಸಮಾಧಾನ ಪಡುವುದು ಸರಿಯಲ್ಲ, ಗೊತ್ತು. ಪಟ್ಟೆ.

"ಮಂಗಳವಾರ ಬಂದ್ಬುಡಣ ಅನ್ಕೊಂಡಿದ್ದೆ ಅಪ್ಪ" ಅಂದಳು.

"ಈಗ?"

ಆ ಕಡೆ ಯಾರೋ ಕೂಗಿದ್ದು ಕೇಳಿಸಿತು, ಬೂಟುಗಳು ಓಡಿದ ಸದ್ದು.

"ಈಗ ಇರ್ತೀನಿ. ಮುಂದಿನ್ ಭಾನುವಾರ ಹೇಳ್ತೀನಿ."

ಫೋನಿಟ್ಟ ಮೇಲೆ ನೋಡಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಖಾಲಿ ಹಾಲಿನ ಕ್ಯಾನು. ಡೇರಿಗೆ ಹೋಗಿ ಬರುವ ದಾರಿ ನಮ್ಮ ಮನೆ ಮುಂದೆ ಬರುವುದಿಲ್ಲ.

"ಏನಂತೆ?" ಅಂದ.

"ಮುಂದಿನ ಭಾನುವಾರ ಹೇಳ್ತಾಳಂತೆ" ಅಂದೆ.