ಮಾವನ ಗಂಟುಮೋರೆ

ನನ್ನ ಸೋದರಮಾವನಿಗೆ ಗಂಟುಮೋರೆ ಎಂದು ಅಡ್ಡಹೆಸರಿಟ್ಟವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲು ಅವನ ಅಂಗಡಿಯಲ್ಲಿ ಒಂದು ಗಂಟೆ ಕೂತು ನೋಡಿ, ಆಮೇಲೆ ಬಾಯಿ ಬಿಡಿ.

ಮೋರೆ ಅಂದರೆ ಮುಖ. ಸಿಟ್ಟು ಬಂದಾಗ ಹುಬ್ಬುಗಳೆರಡೂ ಮೂಗಿನ ಮೇಲೆ ಸೇರಿ ಗಂಟಾಗುತ್ತವಲ್ಲ, ಆ ಗಂಟು ಬಿದ್ದ ಮೋರೆಯೇ ಗಂಟುಮೋರೆ. ಪದ ಹುಟ್ಟಿದ್ದು ಹೀಗೆ, ಇದನ್ನು ಹೇಳಲು ಪಂಡಿತರೇನೂ ಬೇಡ. ಆದರೆ ಮಾವನ ಗಂಟಿಗೂ ಸಿಟ್ಟಿಗೂ ಸಂಬಂಧವೇ ಇಲ್ಲ. ಅವನು ಗಡಿಯಾರ ರಿಪೇರಿಯವನು. ನಲವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿಯ ಕರಿ ಕೊಳವೆ ಸಿಕ್ಕಿಸಿ, ಅದು ಬೀಳದಂತೆ ಹುಬ್ಬು ಬಿಗಿಹಿಡಿದು ಸಾಸಿವೆಯಷ್ಟು ತಿರುಪುಗಳ ಜೊತೆ ಗುದ್ದಾಡಿದವನು. ಕೊಳವೆ ತೆಗೆದರೂ ಗಂಟು ಹಾಗೇ ಉಳಿಯಿತು. ಅತ್ತೆಯಂತೂ ಮದುವೆಯಾದ ಮೊದಲ ವರ್ಷವಿಡೀ ಅಡುಗೆಗೆ ಉಪ್ಪು ಹೆಚ್ಚಾಯಿತೇನೋ ಎಂದು ನಡುಗಿದ್ದಳಂತೆ.

ಮಾವ ಇದನ್ನೆಲ್ಲ ಕಿವಿಗೇ ಹಾಕಿಕೊಂಡವನಲ್ಲ, ಮಗಳು ಎಂಟು ತಿಂಗಳ ಕೂಸನ್ನು ಕರೆತರುವವರೆಗೆ. ಮೊಮ್ಮಗಳನ್ನು ಒಮ್ಮೆಯಾದರೂ ಎತ್ತಿಕೊಳ್ಳಬೇಕು, ಅದೊಂದೇ ಅವನ ಆಸೆ. ಮೋರೆ ಕಂಡದ್ದೇ ತಡ, ಕೂಸು ಸೂರು ಹಾರುವಂತೆ ಕಿರುಚಿತು. ಮಾವ ಕನ್ನಡಿಯ ಮುಂದೆ ನಿಂತು ನಗು ಕಲಿತ. ನಗು ಬಂತು, ಗಂಟು ಹೋಗಲಿಲ್ಲ. ಎರಡೂ ಸೇರಿದ್ದನ್ನು ನೋಡಿ, ಅಯ್ಯಪ್ಪಾ, ನಾನೇ ಕೈಲಿದ್ದ ಲೋಟ ಬಿಟ್ಟೆ.

"ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ರೀ, ಪಾಪು ತಿನ್ಲಿ" ಎಂದಳು ಅತ್ತೆ. ಮಾವ ಗೋಡೆಗೆ ಮುಖ ಮಾಡಿ ಕೂತ.

ಮೂರನೇ ದಿನ, ಮಗಳೂ ಕೂಸೂ ಹೊರಡುವ ಬಸ್ಸಿಗೆ ಅರ್ಧ ಗಂಟೆ ಇರುವಾಗ, ಕೂಸಿನ ಕೀಲಿ ಕೊಡುವ ಕೋಳಿಗೊಂಬೆ ನಿಂತುಹೋಯಿತು. ಶುರುವಾಯಿತು ರಾಗ!

"ಅಪ್ಪಾ, ಬೇಗ ನೋಡಪ್ಪಾ!" ಎಂದಳು ಮಗಳು.

ಮಾವ ಯೋಚಿಸದೆ ಕೊಳವೆ ಸಿಕ್ಕಿಸಿ, ಹುಬ್ಬು ಗಂಟಿಕ್ಕಿ, ಕೋಳಿಯ ಹೊಟ್ಟೆ ಬಿಚ್ಚಿದ. ಅಳು ಗಕ್ಕನೆ ನಿಂತಿತು. ಕೂಸು ಆ ಕೊಳವೆಯನ್ನೇ ಪಿಳಿಪಿಳಿ ನೋಡಿತು. ಆಮೇಲೆ ತನ್ನ ಎಳೆ ಹುಬ್ಬುಗಳನ್ನು ಕೂಡಿಸಿ, ಕಣ್ಣು ಕಿರಿದು ಮಾಡಿ, ಥೇಟ್ ಅವನದೇ ಮೋರೆ ಹಾಕಿತು.

"ಸರಿಹೋಯ್ತು, ಇನ್ನೊಂದು ಗಂಟುಮೋರೆ!" ಎಂದು ಅತ್ತೆ ಹಣೆ ಚಚ್ಚಿಕೊಂಡಳು.

ಕೂಸು ಎರಡೂ ಕೈ ಚಾಚಿತು. ಮಾವ ಕೋಳಿಯನ್ನು ಬಿಟ್ಟು ಅದನ್ನು ಎತ್ತಿಕೊಂಡ. ಬಸ್ಸು ಹೊರಟುಹೋಯಿತು; ಹೋಗಲಿ ಬಿಡಿ.

"ಕೋಳೀನ ನಾಳೆ ನೋಡಿದ್ರಾಯ್ತು. ಯಾಕೋ ಏನೂ ಕಾಣಿಸ್ತಿಲ್ಲ ಕಣೇ" ಎಂದು ಮಾವ ಕೊಳವೆ ಕಳಚಿ ನನ್ನ ಕೈಗಿಟ್ಟ. ಅದರ ಒಳಗೆಲ್ಲ ನೀರು.