ದೀಪವಿಲ್ಲದ ಕೋಣೆಯಲ್ಲಿ ಇನ್ನೂರ ಹನ್ನೆರಡು ಪುಟ

ಗುರುಪಾದನ ಫೋನು ಬಂದಾಗ ನಾಗರತ್ನಾ ಸಂಸ್ಥೆಯ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಅಕ್ಕಾರ, ನೀವು ಕಳಿಸಿದ ಪುಸ್ತಕದಾಗ ಏನೂ ಇಲ್ರಿ. ಎಲ್ಲಾ ಖಾಲಿ."

"ಖಾಲಿ ಹೆಂಗ ಆಗ್ತೈತಿ? ಎರಡು ದಿನ ಕುಂತು ಒಂದೊಂದ ಪುಟದ ಫೋಟೋ ನಾನ ತಗದೇನಿ."

"ಮತ್ತ ಮತ್ತ ಹಚ್ಚಿ ನೋಡಿದ್ನಿರಿ. ಅಕ್ಷರ ಇಲ್ಲ, ಅಕ್ಷರ ಇಲ್ಲ ಅಂತ ಕಂಪ್ಯೂಟರ ಒಂದ ಸವನ ಹೇಳಾಕತ್ತೈತಿ."

ಅವಳು ಕುರ್ಚಿ ತಡವಿ ಕುಳಿತಳು. ಇನ್ನೂರ ಹನ್ನೆರಡು ಪುಟದ ಇತಿಹಾಸದ ಪುಸ್ತಕ ಅದು. ಗುರುಪಾದನೂ ಅವಳಂತೆಯೇ ಕಣ್ಣಿಲ್ಲದವನು. ಸರಕಾರಿ ನೌಕರಿಯ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಅವನ ಅವಸರಕ್ಕೆ ಅವಳು ಒಂದು ಪುಟವನ್ನೂ ಕೇಳಿ ನೋಡದೆ ಕಳಿಸಿಬಿಟ್ಟಿದ್ದಳು.

ಲಕಮನಹಳ್ಳಿಯ ಆ ಎರಡು ಕೋಣೆಯ ಸಂಸ್ಥೆಯಲ್ಲಿ ನಾಗರತ್ನಾ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಳು. ಆರನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು, ಈಗ ಐವತ್ತೊಂದು. ಅಂಧ ಓದುಗರು ಪುಸ್ತಕ ತಂದುಕೊಡುತ್ತಾರೆ. ಅವಳು ಪುಟಪುಟವನ್ನೂ ಯಂತ್ರಕ್ಕೆ ತೋರಿಸುತ್ತಾಳೆ. ಕಂಪ್ಯೂಟರು ಅಕ್ಷರ ಗುರುತಿಸಿ ಗಟ್ಟಿಯಾಗಿ ಓದುತ್ತದೆ. ಹಳೆಯ ಯಂತ್ರ ಕೆಟ್ಟ ಮೇಲೆ ದಾನಿಯೊಬ್ಬರು ಹೊಸದನ್ನು ಕೊಟ್ಟಿದ್ದರು. ಎತ್ತರದ ಕಂಬದ ತುದಿಗೆ ಕ್ಯಾಮೆರಾ, ಅದರ ಕೆಳಗೆ ಪುಸ್ತಕ. ಕಣ್ಣಿದ್ದವರಿಗೆ ಕ್ಷಣಾರ್ಧದ ಕೆಲಸ. ಅವಳಿಗೋ ಪ್ರತಿ ಹಾಳೆಯನ್ನೂ ಬೆರಳಿನಿಂದ ಅಳೆದು ನೇರ ಮಾಡಬೇಕಿತ್ತು. ಎರಡು ದಿನದಲ್ಲಿ ಬೆನ್ನು ಹಿಡಿದುಕೊಂಡಿತ್ತು.

ಸಂಸ್ಥೆಯ ಕಾರ್ಯದರ್ಶಿ ಏಕನಾಥರು ಬಂದವರು ಕಂಪ್ಯೂಟರಿನ ಚಿತ್ರಗಳನ್ನು ತೆರೆದು ಗುಂಡಿ ಒತ್ತುತ್ತ ಒಂದೊಂದನ್ನೇ ನೋಡುತ್ತ ಹೋದರು.

"ಏನದರಿ?" ಎಂದಳು.

"ಎಲ್ಲಾ ಕರ್ರಗ ಬಂದಾವರಿ ನಾಗರತ್ನಾಬಾಯಿ. ಲೈಟ್ ಹಚ್ಚಿದ್ದಿಲ್ಲೇನು?"

ಬಿಸಿಲು ಬಿದ್ದರೆ ಹಾಳೆ ಹೊಳೆದು ಅಕ್ಷರ ಅಳಿಸಿದಂತಾಗುತ್ತದೆಂದು ಕಿಟಕಿ ಮುಚ್ಚಿಸಿದ್ದರು. ದೀಪವನ್ನು ಅವಳೇ ಹಚ್ಚಿದ್ದಳು. ಗುಂಡಿ ಒತ್ತಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಬಾಗಿಲ ಬಳಿ ಕಸಬರಿಗೆಯ ಸದ್ದು ನಿಂತಿತು. ಕಸ ಗುಡಿಸುವ ಉಮಾಶ್ರೀ.

"ನಾನ ಬಂದ್ ಮಾಡಿದ್ನಿರಿ ಅಕ್ಕಾರ," ಎಂದಳು, ಅಳು ಬಂದ ದನಿಯಲ್ಲಿ. "ಎರಡೂ ದಿನ. ನಿಮಗ ಬೆಳಕಿಂದೇನು ಕೆಲಸ, ಸುಮ್ಮನ ಕರೆಂಟ್ ಯಾಕ ಸುಡೂದು ಅಂತ..."

ಏಕನಾಥರು ಬೈಯಲು ಬಾಯಿ ತೆರೆದರು. ನಾಗರತ್ನಾ ಕೈ ಎತ್ತಿ ತಡೆದಳು. ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು. ಅದೂ ಅವಳಲ್ಲಿ ಉಳಿದಿರಲಿಲ್ಲ. ಎರಡು ದಿನ ಕತ್ತಲೆಯಲ್ಲಿ ಕುಳಿತು ಕತ್ತಲೆಯನ್ನೇ ಪುಟ ತಿರುವಿ ತಿರುವಿ ತೆಗೆದಿದ್ದಳಲ್ಲ ಎನಿಸಿತು.

"ಅಕಿದೇನೂ ತಪ್ಪಿಲ್ಲರಿ. ನನ್ನ ಕೈಯಾಗ ಇರೋ ಮಶೀನ ನನಗ ಸಮಜಾಗಬೇಕು. ಇದಕ್ಕ ಯಾವಾಗಲೂ ಒಬ್ಬರ ಕಣ್ಣು ಬೇಕು. ಬ್ಯಾರೆ ನೋಡೂಣು ನಡೀರಿ."

"ದಾನಿಗಳು ಏನಂದಾರು?"

"ಅವರನ್ನ ಕರಕೊಂಡು ಬರ್ರಿ. ಕಣ್ಣು ಕಟ್ಟಿಕೊಂಡು ಹತ್ತು ಪುಟ ತಗೀಲಿ."

ಏಕನಾಥರು ಮರುದಿನವೇ ಬೇರೆ ಯಂತ್ರ ಕೊಳ್ಳಲು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದರು. ಗೋಕುಲ ರಸ್ತೆಯ ಅಂಗಡಿಯಲ್ಲಿ ಮಾರುವವನು "ಇಲ್ಲಿ ನೋಡ್ರಿ ಮೇಡಂ, ಸ್ಕ್ರೀನ್ ಮ್ಯಾಲೆ ನೋಡ್ರಿ" ಎನ್ನುತ್ತಲೇ ಇದ್ದ. ಅವಳು ಅವನ ಮಾತು ಬಿಟ್ಟು ಯಂತ್ರಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ನಾಲ್ಕನೆಯದರಲ್ಲಿ ಕೈ ನಿಂತಿತು. ಚಪ್ಪಟೆ ಗಾಜಿನದು; ಗಾಜು ಒಂದು ಬದಿಯಲ್ಲಿ ತುದಿಯವರೆಗೂ ಬಂದಿತ್ತು. ಪುಸ್ತಕದ ಒಂದು ಮಗ್ಗುಲನ್ನು ಗಾಜಿನ ಮೇಲೆ ಮಲಗಿಸಿ ಇನ್ನೊಂದನ್ನು ಅಂಚಿನಿಂದ ಇಳಿಬಿಟ್ಟರೆ ಬೆನ್ನಿನ ಸಂದಿಯ ಅಕ್ಷರವೂ ತಪ್ಪುವುದಿಲ್ಲ. ಮೂಲೆ ಬೆರಳಿಗೆ ಸಿಗುತ್ತದೆ. ಬೆಳಕು ಅದರ ಹೊಟ್ಟೆಯಲ್ಲೇ ಇದೆ.

"ಇದು ಭಾಳ ಸಾವಕಾಶರಿ," ಎಂದ ಅಂಗಡಿಯವ.

"ಇರಲಿ. ನಾನೂ ಸಾವಕಾಶ ಅದೇನಿ."

ಯಂತ್ರ ಕೈಸೇರಲು ಒಂದು ವಾರ ಹಿಡಿಯಿತು. ಹೊಂದಿಸಲು ಮತ್ತೆ ನಾಲ್ಕು ದಿನ. ಮೊದಲು ಒತ್ತಕ್ಷರಗಳೇ ಬಿದ್ದುಹೋಗುತ್ತಿದ್ದವು. ಕತ್ತೆ ಕತೆಯಾಗುತ್ತಿತ್ತು, ಮುತ್ತು ಮುತು ಆಗುತ್ತಿತ್ತು. ಚಿತ್ರದ ಸೂಕ್ಷ್ಮತೆ ಏರಿಸಿದಳು, ಕಪ್ಪು ಇಳಿಸಿದಳು, ಮತ್ತೆ ಕೇಳಿದಳು. ತೆಳು ಕಾಗದದ ಹಿಂಬದಿಯ ಅಕ್ಷರ ಮುಂದೆ ಮೂಡಿ ಎರಡು ಸಾಲು ಕಲಸಿಹೋಗುತ್ತಿದ್ದವು. ಹಾಳೆಯ ಹಿಂದೆ ಕರಿ ರಟ್ಟಿನ ತುಂಡು ಇಟ್ಟ ಮೇಲೆ ಅದೂ ಸರಿಹೋಯಿತು. ರಟ್ಟನ್ನು ಅಳತೆಗೆ ಕತ್ತರಿಸಿ ಕೊಟ್ಟವಳು ಉಮಾಶ್ರೀ.

ಅಷ್ಟರಲ್ಲಿ ಪರೀಕ್ಷೆ ಬಂದೇಬಿಟ್ಟಿತು. ಗುರುಪಾದನಿಗೆ ತೊಂಬತ್ತು ಪುಟವಷ್ಟೇ ಸಿಕ್ಕವು. ಉಳಿದದ್ದನ್ನು ಅವಳು ಪರೀಕ್ಷೆಯ ಮರುವಾರ ಮುಗಿಸಿದಳು. ಅವನೇ ಬಂದು ಒಯ್ದ.

"ಹೆಂಗಾತೋ?"

"ಅರ್ಧ ಬರದೆನ್ರಿ ಅಕ್ಕಾರ. ಬಾಕಿ ಕೇಳಿದ್ದೆಲ್ಲ ನನಗ ಸಿಗಲಾರದ ಪುಟದಾವ ಇದ್ವು."

"ನಾನು ಒಂದ ಪುಟರ ಕೇಳಿ ನೋಡಿದ್ರ..."

"ಬಿಡ್ರಿ. ಬರೋ ವರ್ಷ ಮತ್ತ ಕರೀತಾರ." ಅವನ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವಳನ್ನು ಹೆಚ್ಚು ದಣಿಸಿತು.

ಆ ಸಂಜೆ ಅಮರಗೋಳದ ಮನೆಗೆ ಹೋಗಲು ಬಸ್ಸು ಹತ್ತಿದಳು. ದಿನವೂ ಒಂದೊಂದು ನಿಲ್ದಾಣವನ್ನು ಎಣಿಸುತ್ತ ಹೋಗುವವಳಿಗೆ ನವಲೂರು ದಾಟುವ ಮೊದಲೇ ನಿದ್ದೆ ಬಂತು. ಎಚ್ಚರಾದಾಗ ಅಮರಗೋಳ ಹಿಂದೆ ಉಳಿದು, ಸುತ್ತ ಹುಬ್ಬಳ್ಳಿ ಪೇಟೆಯ ಗದ್ದಲ. ಇಳಿದು, ಮಡಚಿಟ್ಟ ಬಡಿಗೆ ಬಿಚ್ಚಿ ಊರಿಕೊಂಡು, ಹಿಂದಕ್ಕೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಪಕ್ಕದವರನ್ನು ಕೇಳಿದಳು.